ಎಲ್‌ಸಿಡಿ ಪರದೆಯಲ್ಲಿ ಬೆಂಗಳೂರಿನ ಪಾಲು

ಎಲ್‌ಸಿಡಿ ಪರದೆ ಎಲೆಕ್ಟ್ರಾನಿಕ್ಸ್‌ನ ಸಾಧನೆ ಎಂದೇ ನಾವು ತಿಳಿದಿದ್ದೇವೆ. ನಿಜಕ್ಕೂ ಅದರ ಬೇರು ಇರುವುದು ರಸಾಯನಶಾಸ್ತ್ರದಲ್ಲಿ, ಅದೂ ಯಾವ ಉಪಯೋಗವನ್ನೂ ನಿರೀಕ್ಷಿಸದ ಸಂಶೋಧನೆಯಲ್ಲಿ. 1888ರಲ್ಲಿ ಪ್ರಾಗ್‌ನ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಕೊಲೆಸ್ಟೆರಿಲ್ ಬೆಂಜೊಯೇಟ್ ಎಂಬ ವಸ್ತುವನ್ನು ಕಾಯಿಸಿದ. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕರಗಿ ಮಬ್ಬು ದ್ರವವಾಯಿತು, 178.5 ಡಿಗ್ರಿಯಲ್ಲಿ ಆ ಮಬ್ಬು ಹರಿದು ತಿಳಿಯಾಯಿತು. ನಡುವಿನ ಆ ಸ್ಥಿತಿಯೇ ದ್ರವ ಸ್ಫಟಿಕ (ಲಿಕ್ವಿಡ್ ಕ್ರಿಸ್ಟಲ್, ಎಲ್‌ಸಿಡಿಯ ‘ಎಲ್‌ಸಿ’): ನೀರಿನಂತೆ ಹರಿಯುತ್ತದೆ, ಆದರೂ ಅಣುಗಳು ಶಿಸ್ತು ಬಿಟ್ಟಿರುವುದಿಲ್ಲ. ಅದು ಬಳಕೆಗೆ ಬರಲು ಎಂಬತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. 1970ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶಾಟ್ ಮತ್ತು ಹೆಲ್ಫ್ರಿಕ್ ಎಂಬ ವಿಜ್ಞಾನಿಗಳು ಎರಡು ಗಾಜುಗಳ ನಡುವೆ ಅಣುಗಳ ಸಾಲನ್ನು ತಿರುಚಿ ನಿಲ್ಲಿಸಿ, ಸಣ್ಣ ವೋಲ್ಟೇಜ್ ಕೊಟ್ಟರೆ ಆ ತಿರುಚು ಬಿಚ್ಚಿಕೊಂಡು ಬೆಳಕು ನಿಲ್ಲುವಂತೆ ಮಾಡಿದರು. ಕೋಣೆಯ ಉಷ್ಣತೆಯಲ್ಲೇ ಕೆಡದೆ ಉಳಿಯುವ ಸಂಯುಕ್ತವನ್ನು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೇ ತಂಡ ಒದಗಿಸಿತು. ದ್ರವ ಸ್ಫಟಿಕ ತಾನೇ ಬೆಳಗುವುದಿಲ್ಲ, ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ, ಅಷ್ಟೇ. ಡಿಜಿಟಲ್ ಕೈಗಡಿಯಾರ ಒಂದು ಪುಟ್ಟ ಸೆಲ್ಲಿನ ಮೇಲೆ ವರ್ಷಗಟ್ಟಲೆ ನಡೆಯುವುದು ಇದರಿಂದಲೇ.

ಆದರೆ ದೋಷವೂ ಇತ್ತು. ಹಳೆಯ ಲ್ಯಾಪ್‌ಟಾಪ್ ಪರದೆಯನ್ನು ಪಕ್ಕದಿಂದ ನೋಡಿದರೆ ಕಪ್ಪು ಬೂದು ಬಣ್ಣವಾಗಿ ಕಾಣುತ್ತಿತ್ತು, ಬಣ್ಣಗಳು ಬದಲಾಗುತ್ತಿದ್ದವು. ಕಡ್ಡಿಯಾಕಾರದ ಅಣುಗಳನ್ನು ಓರೆಯಾಗಿ ಹಾಯುವ ಬೆಳಕು ಸೋರುತ್ತಿತ್ತು. ಇದಕ್ಕೊಂದು ಪರಿಹಾರದ ಬೀಜ ಸಿಕ್ಕಿದ್ದು ಬೆಂಗಳೂರಿನಲ್ಲಿ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರು ಚಪ್ಪಟೆ ಅಣುಗಳೂ ದ್ರವ ಸ್ಫಟಿಕವಾಗಬಲ್ಲವು, ನಾಣ್ಯಗಳಂತೆ ಒಂದರ ಮೇಲೊಂದು ಕೂತು ಕಂಬಗಳಾಗಬಲ್ಲವು ಎಂದು ತೋರಿಸಿ, ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಚಪ್ಪಟೆ ಅಣುಗಳ ತೆಳು ಪೊರೆಯನ್ನು ಪರದೆಗೆ ಅಂಟಿಸಿತು. ಕಡ್ಡಿ ಅಣುಗಳು ಕೆಡಿಸಿದ್ದನ್ನು ಚಪ್ಪಟೆ ಅಣುಗಳು ಸರಿದೂಗಿಸಿದವು. ಪಕ್ಕದಲ್ಲಿ ಕೂತವರಿಗೂ ಚಿತ್ರ ಸ್ಪಷ್ಟವಾಯಿತು.

ಲಾಭ ಜಪಾನಿಗೆ ಹೋಯಿತಲ್ಲ, ನಮಗೇನು ಬಂತು ಎಂದು ಕೇಳುವವರಿದ್ದಾರೆ. ಆ ಕೊರಗು ನ್ಯಾಯವಾದದ್ದೇ. ಪ್ರಯೋಗಾಲಯದಿಂದ ಕಾರ್ಖಾನೆಗೆ ಸೇತುವೆ ಕಟ್ಟಲು ನಮಗೆ ಆಗಲಿಲ್ಲ. ಆದರೆ ಸೇತುವೆ ಇಲ್ಲದ್ದಕ್ಕೆ ದಂಡೆಯನ್ನು ದೂರುವುದು ಸರಿಯಲ್ಲ. ಉಪಯೋಗ ತೋರಿಸಿದರಷ್ಟೇ ಹಣ ಎಂಬ ನಿಯಮ ಅಂದು ಇದ್ದಿದ್ದರೆ, ಚಪ್ಪಟೆ ಅಣುಗಳ ಪ್ರಸ್ತಾವ ಮೊದಲ ಸಭೆಯಲ್ಲೇ ಬಿದ್ದುಹೋಗುತ್ತಿತ್ತು. ಇನ್ನು ತಾನೇ ಬೆಳಗುವ ಒಎಲ್‌ಇಡಿ ಪರದೆ ಬಂದ ಮೇಲೆ ಇದೆಲ್ಲ ಹಳತಾಯಿತು ಎಂಬ ಮಾತು. ಕಪ್ಪಿನ ಗಾಢತೆಯಲ್ಲಿ ಒಎಲ್‌ಇಡಿಯದೇ ಮೇಲುಗೈ, ಒಪ್ಪೋಣ. ಆದರೆ ಅಗ್ಗದ ದೊಡ್ಡ ಟಿವಿಯಿಂದ ಹಿಡಿದು ಕ್ಯಾಲ್ಕುಲೇಟರ್‌ವರೆಗೆ ಎಲ್‌ಸಿಡಿ ಇನ್ನೂ ದುಡಿಯುತ್ತಿದೆ. ಆ ಚಪ್ಪಟೆ ಅಣುಗಳ ಕಂಬಗಳಾದರೂ ಪರದೆಗಷ್ಟೇ ಸೀಮಿತವಾಗಿಲ್ಲ: ಕಂಬದುದ್ದಕ್ಕೂ ವಿದ್ಯುದಾವೇಶ ಹರಿಯಬಲ್ಲದಾದ್ದರಿಂದ ಸೌರಕೋಶಗಳಿಗೆ ಅವು ಒದಗಬಲ್ಲವೇ ಎಂಬ ಸಂಶೋಧನೆಯೂ ನಡೆದಿದೆ.