ಸುಳಿ ಮುರುಟಿದೆ, ಏನ್ ಹೊಡೀಲಿ? ಮೊದಲು ಒಂದು ಸರಿಯಾದ ಮ್ಯಾಕ್ರೋ ಲೆನ್ಸ್ ತಗೊಳ್ಳಿ

“ಸರ್, ಹಿಪ್ಪುನೇರಳೆ ಸುಳಿ ಮುರುಟ್ಕೊಂಡಿದೆ, ಏನ್ ಹೊಡೀಬೇಕು?”

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ರೇಷ್ಮೆ ಬೆಳೆಯೋರ ವಾಟ್ಸಾಪ್ ಗುಂಪಿನಲ್ಲಿ ಈ ಪ್ರಶ್ನೆ ಮಾಮೂಲಿ. ಜೊತೆಗೊಂದು ಫೋಟೋ ಇರುತ್ತೆ. ತೆರೆದು ನೋಡಿದ್ರೆ ಹಸಿರು ಮಬ್ಬು, ನಡುವೆ ಏನೋ ಚುಕ್ಕೆ. ಹತ್ತು ಜನ ಹತ್ತು ಔಷಧಿ ಹೇಳ್ತಾರೆ. ಕಳಿಸಿದವರು ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಹೊಡೀತಾರೆ.

ಬೇರೆ ಬೆಳೆಯಲ್ಲಿ ತಪ್ಪು ಔಷಧಿ ಹೊಡೆದ್ರೆ ದುಡ್ಡು ದಂಡ. ಹಿಪ್ಪುನೇರಳೆಯಲ್ಲಿ ಅಷ್ಟಕ್ಕೇ ಮುಗಿಯಲ್ಲ. ಆ ಸೊಪ್ಪು ನಾಳೆ ಹುಳದ ಹೊಟ್ಟೆಗೆ ಹೋಗಬೇಕು. ಕಾಯುವ ಅವಧಿ ಮುಗಿಯದೆ ಸೊಪ್ಪು ಕೊಟ್ಟರೆ ಮನೆಯಲ್ಲಿರೋ ಹುಳವೇ ಸಾಯುತ್ತೆ. ಅದಕ್ಕೇ ಈ ವಾರ ಔಷಧಿ ಬಗ್ಗೆ ಅಲ್ಲ, ಔಷಧಿಗೆ ಮುಂಚೆ ಬೇಕಾದ ಒಂದು ಸಣ್ಣ ಗಾಜಿನ ಬಗ್ಗೆ ಬರೀತಿದ್ದೀವಿ.

ಲಕ್ಷಣ ಒಂದೇ, ಕಾರಣ ಮೂರು

ಹಿಪ್ಪುನೇರಳೆ ಸುಳಿ ಮುರುಟೋಕೆ ಮುಖ್ಯವಾಗಿ ಮೂರು ಕಾರಣ.

ಒಂದು, ಹಿಟ್ಟು ತಿಗಣೆ. ಇದರಿಂದ ಬರೋದೇ ತುಕ್ರಾ. ಸುಳಿ ಗಂಟುಗಟ್ಟಿ, ಎಲೆ ಸುಕ್ಕಾಗಿ ಕಡು ಹಸಿರಾಗುತ್ತೆ. ಮಡಿಕೆ ಬಿಡಿಸಿದ್ರೆ ಬಿಳಿ ಹಿಟ್ಟಿನಂಥ ತಿಗಣೆ ಕಾಣುತ್ತೆ.

ಎರಡು, ಥ್ರಿಪ್ಸ್. ಒಂದು ಮಿಲಿಮೀಟರ್ ಆಸುಪಾಸಿನ, ಸಪೂರ ದೇಹದ ಕೀಟ. ಎಲೆ ಕೆರೆದು ರಸ ಹೀರೋದರಿಂದ ಮೊದಲು ಬೆಳ್ಳಿ ಬಣ್ಣದ ಗೀರು, ಆಮೇಲೆ ಎಲೆ ದೋಣಿ ಥರ ಮಡಚಿಕೊಳ್ಳುತ್ತೆ.

ಮೂರು, ಮೈಟ್. ಇದು ಕೀಟವೇ ಅಲ್ಲ, ಜೇಡದ ಸಂಬಂಧಿ. ಹಿಪ್ಪುನೇರಳೆ ಸುಳಿಯಲ್ಲಿ ಕೂರುವ ಮೈಟ್ ಸುಮಾರು 0.2 ಮಿಲಿಮೀಟರ್. ಎಲೆ ಪೆಡಸಾಗಿ ಕೆಳಕ್ಕೆ ಮುರುಟುತ್ತೆ.

ತೊಂದರೆ ಏನಂದ್ರೆ, ನಮ್ಮಲ್ಲಿ ಥ್ರಿಪ್ಸಿಗೂ ನುಸಿ ಅಂತಾರೆ, ಮೈಟಿಗೂ ನುಸಿ ಅಂತಾರೆ. “ನುಸಿ ಬಿದ್ದಿದೆ” ಅಂತ ಕೇಳಿದ್ರೆ ಅಂಗಡಿಯವರಾದರೂ ಏನು ಕೊಡಬೇಕು? ಥ್ರಿಪ್ಸಿಗೆ ಕೊಡುವ ಔಷಧಿಗಳಲ್ಲಿ ಹಲವು ಮೈಟಿಗೆ ನಾಟುವುದಿಲ್ಲ. ಮೈಟನ್ನು ತಿನ್ನುವ ಒಳ್ಳೆ ಜೀವಿಗಳು ಸತ್ತು, ಮೈಟ್ ಇನ್ನಷ್ಟು ಹೆಚ್ಚೋದೂ ಉಂಟು.

ಇನ್ನೊಂದು ಮೋಸ ಇದೆ. ಹಿಟ್ಟು ತಿಗಣೆ ತಿನ್ನಲಿ ಅಂತ ತೋಟಕ್ಕೆ ಬಿಡುವ ಕ್ರಿಪ್ಟೋಲೀಮಸ್ ಗುಲಗಂಜಿ ಹುಳದ ಮರಿಯೂ ಮೈತುಂಬ ಬಿಳಿ ಮೇಣ ಹೊತ್ತು ಹಿಟ್ಟು ತಿಗಣೆ ಥರಾನೇ ಕಾಣುತ್ತೆ. ಅದು ಚುರುಕಾಗಿ ಓಡಾಡುತ್ತೆ, ಮೇಣದ ಎಳೆ ಉದ್ದ. ಗೊತ್ತಿಲ್ಲದೆ ನಮ್ಮ ಕೂಲಿಯಾಳನ್ನ ನಾವೇ ಹೊಸಕಿ ಹಾಕ್ತೀವಿ.

ಫೋನಿನಲ್ಲೇ ಮ್ಯಾಕ್ರೋ ಇದೆಯಲ್ಲ, ಸಾಕಾಗಲ್ವಾ?

ಅನೇಕ ಫೋನುಗಳ ಹಿಂದೆ 2 ಮೆಗಾಪಿಕ್ಸೆಲ್‌ನ ‘ಮ್ಯಾಕ್ರೋ ಕ್ಯಾಮೆರಾ’ ಇರುತ್ತೆ. ಥ್ರಿಪ್ಸ್ ಗುರುತಿಸೋಕೆ ಅದು ಸಾಲದು. ಅದಕ್ಕಿಂತ ಮುಖ್ಯ ಕ್ಯಾಮೆರಾದಲ್ಲಿ ಒಂದು ಗೇಣು ದೂರದಿಂದ 2x ಜೂಮ್ ಮಾಡಿ ತೆಗೆದ ಫೋಟೋನೇ ಎಷ್ಟೋ ಸಲ ಚೆನ್ನಾಗಿರುತ್ತೆ. ದುಬಾರಿ ಫೋನುಗಳಲ್ಲಿ ಅಲ್ಟ್ರಾವೈಡ್ ಕ್ಯಾಮೆರಾಗೆ ಆಟೋಫೋಕಸ್ ಇದ್ದರೆ ಅದು ನಿಜವಾಗಿಯೂ ಹತ್ತಿರದ ಫೋಟೋ ತೆಗೆಯುತ್ತೆ.

ಉಳಿದವರಿಗೆ ಕ್ಲಿಪ್ ಲೆನ್ಸ್. ಬಟ್ಟೆ ಕ್ಲಿಪ್ಪಿನ ಥರ ಫೋನಿಗೆ ಸಿಕ್ಕಿಸೋದು. ಕೆಲವು ನೂರು ರೂಪಾಯಿಗೆ ಸಿಗುತ್ತೆ. ಕ್ಯಾಮೆರಾಗೆ ಹಾಕುವ 100 ಮಿಲಿಮೀಟರಿನ ದೊಡ್ಡ ಮ್ಯಾಕ್ರೋ ಲೆನ್ಸ್ ಒಳ್ಳೇದೇ, ಆದ್ರೆ ಸಾವಿರಾರು ರೂಪಾಯಿ ಆಗುತ್ತೆ. ರೋಗ ಗುರುತಿಸೋ ಕೆಲಸಕ್ಕೆ ಅದು ಬೇಕಾಗಿಲ್ಲ.

25ರ ಲೆಕ್ಕ

ಡಬ್ಬದ ಮೇಲೆ 10x, 15x, 20x ಅಂತ ಬರೆದಿರ್ತಾರೆ. ನಂಬಬೇಡಿ, ಅಳೆದು ನೋಡಿ. ಲೆನ್ಸ್ ಹಾಕಿ ಒಂದು ಎಲೆ ಹತ್ತಿರ ತನ್ನಿ. ಎಲೆ ಎಷ್ಟು ದೂರದಲ್ಲಿ ಸ್ಪಷ್ಟವಾಗುತ್ತೋ ಆ ದೂರವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. 25ನ್ನು ಅದರಿಂದ ಭಾಗಿಸಿ. 5 ಸೆಂಟಿಮೀಟರ್ ಆದ್ರೆ ಅದು 5x. ಎರಡೂವರೆ ಸೆಂಟಿಮೀಟರ್ ಆದ್ರೆ 10x. ಒಂದೂಕಾಲು ಸೆಂಟಿಮೀಟರ್ ಆದ್ರೆ 20x. ಅಂದಾಜಿನ ಲೆಕ್ಕ ಇದು, ಆದ್ರೆ ಡಬ್ಬದ ಸುಳ್ಳು ಹಿಡಿಯೋಕೆ ಸಾಕು.

ಇದರಲ್ಲೇ ಇನ್ನೊಂದು ವಿಷಯ ಅಡಗಿದೆ. x ಹೆಚ್ಚಾದಷ್ಟೂ ನೀವು ಹುಳದ ಹತ್ತಿರ ಹೋಗಬೇಕು. ಫೋನಿನ ನೆರಳೇ ಎಲೆ ಮೇಲೆ ಬೀಳುತ್ತೆ, ಕೈ ಸ್ವಲ್ಪ ಅಲುಗಿದ್ರೂ ಮಬ್ಬು. ಅದಕ್ಕೇ “ಜಾಸ್ತಿ x ಇದ್ರೆ ಒಳ್ಳೇದು” ಅಂತ ತಗೋಬೇಡಿ. ನಿಮ್ಮ ಹೊಲದಲ್ಲಿ ಏನಿದೆ ಅನ್ನೋದರ ಮೇಲೆ ಆರಿಸಿ:

- ಮಾವಿನ ಜಿಗಿಹುಳು: ಹೂ ಬಿಡೋ ಕಾಲದ ಶತ್ರು. ನಾಲ್ಕೈದು ಮಿಲಿಮೀಟರ್ ಇರುತ್ತೆ, ಹತ್ತಿರ ಹೋದ್ರೆ ಹಾರಿಬಿಡುತ್ತೆ. ಲೆನ್ಸ್ ಬೇಡ, ದೂರದಿಂದ 2x ಜೂಮ್ ಸಾಕು.
- ಜೋಳದ ಸೈನಿಕ ಹುಳು: 2018ರಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗದಲ್ಲಿ ಕಂಡದ್ದು. ತಲೆ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ. ಬಲಿತ ಹುಳಕ್ಕೆ 5x ಧಾರಾಳ.
- ತೆಂಗಿನ ಸುರುಳಿ ಬಿಳಿನೊಣ: 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ಮೊದಲು ಕಂಡದ್ದು. 10x ಹಾಕಿ ಗರಿಯ ಅಡಿಭಾಗ ನೋಡಿ. ಮರಿಗಳು ಕಪ್ಪಾಗಿದ್ರೆ ಎನ್ಕಾರ್ಸಿಯಾ ಅನ್ನೋ ಪರತಂತ್ರ ಜೀವಿ ಒಳಗೆ ಕೂತಿದೆ ಅಂತ ಅರ್ಥ. ಆಗ ಔಷಧಿ ಹೊಡೆಯೋದು ತಪ್ಪು.
- ಥ್ರಿಪ್ಸ್, ಹಿಟ್ಟು ತಿಗಣೆ, ಗುಲಗಂಜಿ ಮರಿ: 10x. ಫೋಟೋದಲ್ಲಿ ಸುಮಾರು ಮೂರು ಸೆಂಟಿಮೀಟರ್ ಅಗಲದ ಜಾಗ ತುಂಬುತ್ತೆ. ಜೊತೆಗೆ 2x ಜೂಮ್ ಮಾಡಿ.
- ಮೈಟ್: 20x ಹಾಕಿದ್ರೂ ಹರಿದಾಡೋ ಚುಕ್ಕೆಯಷ್ಟೇ. ಕಾಲು ಎಣಿಸೋಕೆ ಆಗಲ್ಲ. ಆದ್ರೆ “ಸಪೂರ ಹುಳ ಇಲ್ಲ, ದುಂಡನೆ ಚುಕ್ಕೆಗಳಿವೆ” ಅನ್ನೋದೇ ತಜ್ಞರಿಗೆ ದೊಡ್ಡ ಸುಳಿವು.

ಒಂದೇ ಲೆನ್ಸ್ ತಗೊಳ್ಳೋದಾದ್ರೆ 10x ತಗೊಳ್ಳಿ. ಗಾಜಿನದ್ದಿರಲಿ, ಪ್ಲಾಸ್ಟಿಕ್ ಬೇಗ ಗೀರು ಬೀಳುತ್ತೆ. ‘ವೈಡ್ ಮತ್ತು ಮ್ಯಾಕ್ರೋ’ ಜೋಡಿ ಲೆನ್ಸ್ ತಗೊಂಡ್ರೆ ಮೇಲಿನ ಅಗಲದ ಲೆನ್ಸನ್ನು ತಿರುಗಿಸಿ ಬಿಚ್ಚಬೇಕು. ಕೆಳಗೆ ಉಳಿಯೋದೇ ಮ್ಯಾಕ್ರೋ. ಇದು ಗೊತ್ತಿಲ್ಲದೆ “ಲೆನ್ಸ್ ಕೆಟ್ಟಿದೆ” ಅಂತ ವಾಪಸ್ ಕಳಿಸೋರು ಇದ್ದಾರೆ.

ಹುಳದ ಮನೆಯಲ್ಲೂ ಕೆಲಸ ಇದೆ

ಊಜಿ ನೊಣ 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂತು. ಅದು ಹುಳದ ಮೈಮೇಲೆ ಅರ್ಧ ಮಿಲಿಮೀಟರಿನಷ್ಟು ಬಿಳಿ ಮೊಟ್ಟೆ ಇಡುತ್ತೆ. ಎರಡು-ಮೂರು ದಿನದಲ್ಲಿ ಮೊಟ್ಟೆ ಒಡೆದು ಮರಿ ಒಳಗೆ ಹೋಗುತ್ತೆ, ಅಲ್ಲೊಂದು ಕಪ್ಪು ಕಲೆ ಉಳಿಯುತ್ತೆ. ಜ್ವರಕ್ಕೆ ಕೂತಾಗ ನಾವು ಸುಣ್ಣದ ಪುಡಿ ಹಾಕಿರ್ತೀವಿ. ಆ ಬಿಳಿ ಪುಡಿ ಯಾವುದು, ಊಜಿ ಮೊಟ್ಟೆ ಯಾವುದು ಅಂತ ಬರಿಗಣ್ಣಿಗೆ ಗೊಂದಲ. 10x ಲೆನ್ಸಿನಲ್ಲಿ ಮೊಟ್ಟೆ ನುಣುಪಾಗಿ, ಉದ್ದುದ್ದಕ್ಕೆ ಕಾಣುತ್ತೆ. ಸುಣ್ಣ ಅಡ್ಡಾದಿಡ್ಡಿ ಕಣ.

ಆದ್ರೆ ಗಂಟುರೋಗಕ್ಕೆ, ಅಂದ್ರೆ ಪೆಬ್ರಿನ್‌ಗೆ, ಈ ಲೆನ್ಸ್ ನಂಬಬೇಡಿ. ಅದರ ಬೀಜಾಣು ಮೂರು-ನಾಲ್ಕು ಮೈಕ್ರಾನ್, ಅಂದ್ರೆ ಒಂದು ಮಿಲಿಮೀಟರಿನಲ್ಲಿ ಸುಮಾರು 300 ಸಾಲಾಗಿ ನಿಲ್ಲುವಷ್ಟು ಸಣ್ಣದು. ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು. ಅನುಮಾನ ಬಂದ ಹುಳಗಳನ್ನು ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಕ್ಕೆ ತೋರಿಸಿ.

ಫೋಟೋ ತೆಗೆಯೋ ಕ್ರಮ

1. ಫೋನಿನ ಕವರ್ ತೆಗೆಯಿರಿ. ಕ್ಯಾಮೆರಾ ತೆರೆದು ಒಂದೊಂದೇ ಕಣ್ಣಿಗೆ ಬೆರಳು ಅಡ್ಡ ಇಡಿ. ಯಾವುದನ್ನು ಮುಚ್ಚಿದಾಗ ಪರದೆ ಕತ್ತಲಾಗುತ್ತೋ ಅದೇ ಮುಖ್ಯ ಕ್ಯಾಮೆರಾ. ಲೆನ್ಸ್ ಅದರ ಮೇಲೇ ಸರಿಯಾಗಿ ಕೂರಲಿ.
2. ಹತ್ತಿರ ಹೋದ ತಕ್ಷಣ ಫೋನ್ ತಾನಾಗೇ ಬೇರೆ ಕ್ಯಾಮೆರಾಗೆ ಹೋಗ್ತಿದ್ರೆ ಸೆಟ್ಟಿಂಗ್‌ನಲ್ಲಿ ಆಟೋ ಮ್ಯಾಕ್ರೋ ಆಫ್ ಮಾಡಿ.
3. ಗಾಳಿಯಲ್ಲಿ ಗಿಡದ ಮೇಲೇ ತೆಗೆಯೋಕೆ ಹೋಗಬೇಡಿ. ಸುಳಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಿತ್ತು, ಜಗಲಿಗೆ ತಂದು ಬಿಳಿ ಹಾಳೆ ಮೇಲೆ ತಟ್ಟಿ. ಥ್ರಿಪ್ಸ್ ಇದ್ರೆ ಉದುರಿ ಓಡಾಡುತ್ತೆ.
4. ಪಕ್ಕದಲ್ಲಿ ಒಂದು ರಾಗಿ ಕಾಳು ಇಡಿ. ನೋಡೋರಿಗೆ ಹುಳ ಎಷ್ಟು ದೊಡ್ಡದು ಅಂತ ತಕ್ಷಣ ಗೊತ್ತಾಗುತ್ತೆ.
5. ಮೊಣಕೈ ಊರಿ, ಫೋಕಸ್ ಬೆರಳಲ್ಲಿ ಹಿಡಿಯೋ ಬದಲು ಫೋನನ್ನೇ ನಿಧಾನಕ್ಕೆ ಹಿಂದೆ ಮುಂದೆ ಸರಿಸಿ. ಹತ್ತು ಫೋಟೋ ತೆಗೆದು ಒಂದು ಇಟ್ಕೊಳ್ಳಿ. ಹುಳ ಓಡಾಡ್ತಿದ್ರೆ ಹತ್ತು ಸೆಕೆಂಡ್ ವಿಡಿಯೋ.
6. ಮೂರು ಫೋಟೋ ಕಳಿಸಿ: ಪೂರ್ತಿ ಗಿಡ, ಒಂದು ಎಲೆಯ ಎರಡೂ ಮುಖ, ಆಮೇಲೆ ಹುಳ. ವಾಟ್ಸಾಪ್ ಫೋಟೋ ಕುಗ್ಗಿಸುತ್ತೆ, ಅದಕ್ಕೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಜೊತೆಗೆ ತಳಿ, ಕಡ್ಡಿ ಕತ್ತರಿಸಿದ ದಿನ, ಈಗಾಗಲೇ ಹೊಡೆದ ಔಷಧಿ, ಮನೆಯಲ್ಲಿ ಹುಳ ಎಷ್ಟನೇ ಜ್ವರದಲ್ಲಿದೆ ಅಂತ ಬರೀರಿ.

ಕಳಿಸೋದು ಯಾರಿಗೆ? ಮಾಗಡಿ ತಾಲ್ಲೂಕು ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ, ನಿಮ್ಮ ರೇಷ್ಮೆ ವಿಸ್ತರಣಾಧಿಕಾರಿ ಇದ್ದಾರೆ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿದ್ರೂ ಕನ್ನಡದಲ್ಲೇ ಮಾತಾಡಬಹುದು. “ಬೆಳ್ಳಿ ಗೀರು, ಸಪೂರ ಹಳದಿ ಹುಳ, ರಾಗಿ ಕಾಳಿಗಿಂತ ಸಣ್ಣದು” ಅಂತ ನೀವು ಹೇಳಿದ್ರೆ ಉತ್ತರವೂ ಅಷ್ಟೇ ನಿಖರವಾಗಿ ಬರುತ್ತೆ.

ಇವತ್ತೇ ಲೆನ್ಸ್ ಇಲ್ಲ ಅಂದ್ರೂ ಪರವಾಗಿಲ್ಲ. ಸಂಜೆ ತೋಟಕ್ಕೆ ಹೋಗಿ, ಮುರುಟಿದ ಐದು ಸುಳಿ ಬಿಳಿ ಹಾಳೆ ಮೇಲೆ ತಟ್ಟಿ ನೋಡಿ. ಏನು ಉದುರಿತು ಅಂತ ಗೊತ್ತಾಗೋವರೆಗೂ ಪಂಪ್ ಬೆನ್ನಿಗೆ ಏರಿಸಬೇಡಿ.