ತಣಿದಾಗ ದಾರಿ ಬಿಡುವ ಇಂಗಾಲ

ಬ್ಲೇಡು ತಾಗಿಸದೆ ಕಾರ್ನಿಯಾದ ಪದರ ಬಿಡಿಸುವ ಲೇಸರ್‌ಗಳು ಬೆಳಕನ್ನು ಒಂದೇ ಸಮನೆ ಸುರಿಸುವುದಿಲ್ಲ, ಮಿಡಿತಗಳಾಗಿ ಬಿಡುತ್ತವೆ. ಒಂದೊಂದು ಮಿಡಿತದ ಆಯಸ್ಸು ಕೆಲವು ನೂರು ಫೆಮ್ಟೊಸೆಕೆಂಡ್. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ಫೆಮ್ಟೊಸೆಕೆಂಡ್. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಬೆಳಕು 500 ಫೆಮ್ಟೊಸೆಕೆಂಡಿನಲ್ಲಿ 0.15 ಮಿಲಿಮೀಟರ್ ಮಾತ್ರ ಸಾಗುತ್ತದೆ. ಇಷ್ಟು ಚುರುಕಾಗಿ ಬೆಳಕನ್ನು ಹೊತ್ತಿಸಿ ಆರಿಸುವುದು ಯಾವ ವಿದ್ಯುತ್ ಸ್ವಿಚ್ಚಿನಿಂದಲೂ ಆಗದ ಕೆಲಸ. ಆದ್ದರಿಂದ ಅದನ್ನು ಬೆಳಕಿಗೇ ವಹಿಸಬೇಕು.

ಎರ್ಬಿಯಂ ಫೈಬರ್ ಲೇಸರನ್ನು ನೋಡಿ. ಮನೆಗೆ ಇಂಟರ್ನೆಟ್ ತರುವಂಥದೇ ಗಾಜಿನ ಎಳೆ. ಅದರಲ್ಲೊಂದಷ್ಟು ಉದ್ದಕ್ಕೆ ತಿರುಳಿನೊಳಗೆ ಎರ್ಬಿಯಂ ಬೆರೆಸಿರುತ್ತಾರೆ. ತುದಿಗಳನ್ನು ಕೂಡಿಸಿ ಉಂಗುರ ಮಾಡಿ, 980 ನ್ಯಾನೋಮೀಟರಿನ ಡಯೋಡ್ ಲೇಸರಿನಿಂದ ಎರ್ಬಿಯಂಗೆ ಶಕ್ತಿ ತುಂಬಿದರೆ ಸುಮಾರು 1550 ನ್ಯಾನೋಮೀಟರಿನ ಅವಕೆಂಪು ಬೆಳಕು ಉಂಗುರದಲ್ಲಿ ಸುತ್ತತೊಡಗುತ್ತದೆ. ಹಾಗೇ ಬಿಟ್ಟರೆ ಅದು ನಿರಂತರ ಹರಿವು. ನಡುನಡುವೆ ಸಣ್ಣಪುಟ್ಟ ಏರಿಳಿತ ಇರುತ್ತದೆ, ಅಷ್ಟೆ. ಆ ಏರಿಳಿತಗಳಲ್ಲಿ ಎತ್ತರದ್ದನ್ನು ಉಳಿಸಿ ಮಿಕ್ಕವನ್ನು ಅಳಿಸುವ ಒಂದು ತಡೆ ದಾರಿಯಲ್ಲಿ ಬೇಕು.

ಆ ತಡೆಯನ್ನು ತಣಿಯುವ ಹೀರುಕ ಎನ್ನಬಹುದು. ಬೇಸಿಗೆಯ ನೆಲ ತುಂತುರನ್ನೆಲ್ಲ ಇಂಗಿಸಿಕೊಳ್ಳುತ್ತದೆ. ಜಡಿಮಳೆ ಹೊಡೆದರೆ ನೆಲ ತಣಿದು ಮಿಕ್ಕ ನೀರು ಮೇಲೆ ಹರಿದುಹೋಗುತ್ತದೆ. ಹೀರುಕವೂ ಮಂದ ಬೆಳಕನ್ನು ನುಂಗುತ್ತದೆ, ಪ್ರಖರ ಬೆಳಕಿಗೆ ದಾರಿ ಬಿಡುತ್ತದೆ. ಉಂಗುರದ ಉದ್ದ 10 ಮೀಟರ್ ಎಂದುಕೊಳ್ಳಿ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಅಂದರೆ ಒಂದು ಸುತ್ತಿಗೆ 50 ನ್ಯಾನೋಸೆಕೆಂಡ್, ಸೆಕೆಂಡಿಗೆ 2 ಕೋಟಿ ಸುತ್ತು. ಪ್ರತಿ ಸುತ್ತಿನಲ್ಲೂ ಗಿಡ್ಡ ಏರಿಳಿತಗಳು ಸೋಲುತ್ತವೆ, ಎತ್ತರದ್ದು ಎರ್ಬಿಯಂನಿಂದ ಬಲ ಪಡೆಯುತ್ತದೆ. ಕೊನೆಗೆ ಉಂಗುರದ ಶಕ್ತಿಯೆಲ್ಲ ಒಂದೇ ಮಿಡಿತದಲ್ಲಿ ಕೂಡಿಕೊಳ್ಳುತ್ತದೆ. ಇದೇ ಮೋಡ್ ಲಾಕಿಂಗ್. ಸರಾಸರಿ ಬರೀ 1 ಮಿಲಿವ್ಯಾಟ್ ಹೊರಬರುತ್ತಿದ್ದರೂ 500 ಫೆಮ್ಟೊಸೆಕೆಂಡಿನ ಮಿಡಿತದ ನೆತ್ತಿಯಲ್ಲಿ ಸುಮಾರು 100 ವ್ಯಾಟ್ ಇರುತ್ತದೆ. ಲಕ್ಷ ಪಟ್ಟು!

ಈ ಹೀರುಕದ ಕೆಲಸಕ್ಕೆ ಗ್ರಾಫೀನ್ ಬಂದದ್ದು ತಡವಾಗಿ. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟಿನ ಒಂದೇ ಒಂದು ಪರಮಾಣು ಪದರವನ್ನು ಮ್ಯಾಂಚೆಸ್ಟರಿನ ಆಂದ್ರೆ ಗೀಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅಂಟುಟೇಪಿನಿಂದ ಎಬ್ಬಿಸಿ 2004ರಲ್ಲಿ ಲೋಕಕ್ಕೆ ತಿಳಿಸಿದರು. 2010ರ ಭೌತವಿಜ್ಞಾನದ ನೊಬೆಲ್ ಅವರಿಗೆ ಸಂದಿತು. ಅದೇ ಊರಿನ ತಂಡ 2008ರಲ್ಲಿ ಪ್ರಕಟಿಸಿದ ಅಳತೆ ಇನ್ನೂ ಸೊಗಸಾದದ್ದು: ಒಂದು ಪದರ ತನ್ನ ಮೇಲೆ ಬಿದ್ದ ಬೆಳಕಿನ ಶೇ. 2.3ರಷ್ಟನ್ನು ಹೀರುತ್ತದೆ. ಪೈ ಬೆಲೆಯನ್ನು 137ರಿಂದ ಭಾಗಿಸಿದರೆ ಸಿಗುವುದು ಅದೇ ಸಂಖ್ಯೆ. ಸುಮಾರು 1/137 ಬೆಲೆಯ ನಿಸರ್ಗದ ಮೂಲ ಸ್ಥಿರಾಂಕವೊಂದು ಹೀಗೆ ಬರಿಗಣ್ಣಿಗೆ ಕಾಣುವ ಮಸುಕಾಗಿ ಎದುರು ನಿಲ್ಲುವುದು ಅಪರೂಪ. ಮೂರು ಪದರ ಪೇರಿಸಿದರಷ್ಟೇ ಸುಮಾರು ಒಂದು ನ್ಯಾನೋಮೀಟರ್ ದಪ್ಪವಾಗುವ ವಸ್ತುವಿಗೆ ಶೇ. 2.3 ಬಹಳವೇ ಆಯಿತು.

ಬೆಳಕಿನ ಕಣವೊಂದನ್ನು ನುಂಗಿದಾಗ ಗ್ರಾಫೀನಿನ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಜಿಗಿಯುತ್ತದೆ. ಒಂದು ಸ್ಥಿತಿಯಲ್ಲಿ ಒಂದೇ ಎಲೆಕ್ಟ್ರಾನ್ ಇರಬಹುದೆಂಬುದು ಪೌಲಿ ನಿಯಮ. ಮಿಡಿತದ ನೆತ್ತಿ ಬಂದಾಗ ಮೇಲಿನ ಜಾಗಗಳೆಲ್ಲ ಭರ್ತಿಯಾಗಿ, ಜಿಗಿಯಲು ಎಡೆ ಸಿಗದೆ, ಬೆಳಕು ಸಲೀಸಾಗಿ ದಾಟುತ್ತದೆ. ಆಮೇಲೆ ಎಲೆಕ್ಟ್ರಾನ್‌ಗಳು ಪಿಕೋಸೆಕೆಂಡುಗಳಲ್ಲೇ ತಣ್ಣಗಾಗಿ ಕೆಳಗಿಳಿಯುತ್ತವೆ. ಮುಂದಿನ ಮಿಡಿತ ಬರಲು ಇನ್ನೂ ಬೇಕಾದಷ್ಟು ಹೊತ್ತಿರುತ್ತದೆ. ಅರೆವಾಹಕಗಳಲ್ಲಿ ಕೆಳಗಿನ ಮತ್ತು ಮೇಲಿನ ಮಟ್ಟಗಳ ನಡುವೆ ಶಕ್ತಿಯ ಬಿರುಕೊಂದಿರುತ್ತದೆ, ಆ ಬಿರುಕು ದಾಟಿಸಲಾರದ ಬೆಳಕನ್ನು ಅವು ಮುಟ್ಟುವುದಿಲ್ಲ. ಗ್ರಾಫೀನಿನಲ್ಲಿ ಬಿರುಕೇ ಇಲ್ಲ. ಹಾಗಾಗಿ ಯಾವ ತರಂಗಾಂತರವಾದರೂ ಅದಕ್ಕೆ ಸರಿ.

2009ರಲ್ಲಿ ಸಿಂಗಪುರದ ತಂಡವೊಂದು ಗ್ರಾಫೀನನ್ನು ಫೈಬರಿನ ತುದಿಗೆ ಅಂಟಿಸಿ ಎರ್ಬಿಯಂ ಲೇಸರಿನಿಂದ 756 ಫೆಮ್ಟೊಸೆಕೆಂಡಿನ ಮಿಡಿತ ಪಡೆಯಿತು. ಮರುವರ್ಷ ಕೇಂಬ್ರಿಜ್‌ನಲ್ಲಿ ಆಂದ್ರಿಯಾ ಫೆರಾರಿ ಅವರ ತಂಡ ದ್ರವದಲ್ಲಿ ಬಿಡಿಸಿದ ಗ್ರಾಫೀನ್ ಚೂರುಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬೆರೆಸಿ ಸುಮಾರು 460ಕ್ಕೆ ಇಳಿಸಿತು. ಆಮೇಲೆ ಪ್ರಬಂಧಗಳ ಸುಗ್ಗಿ. ಗ್ರಾಫೀನ್ ಆದ ಮೇಲೆ ಮಾಲಿಬ್ಡಿನಂ ಡೈಸಲ್ಫೈಡ್, ಕಪ್ಪು ರಂಜಕ, ಮತ್ತೊಂದು, ಮಗದೊಂದು. ಎಲ್ಲದರಿಂದಲೂ ಬರುವುದು ಹೆಚ್ಚುಕಡಿಮೆ ಅದೇ ಕೆಲವು ನೂರು ಫೆಮ್ಟೊಸೆಕೆಂಡ್!

ಅದು ಕಾಕತಾಳೀಯವಲ್ಲ. ಇಂಥ ಉಂಗುರದಲ್ಲಿ ಮಿಡಿತದ ಅಂತಿಮ ರೂಪ ತಿದ್ದುವುದು ಬಹುಪಾಲು ಗಾಜಿನ ಎಳೆಯೇ. ಬಣ್ಣಬಣ್ಣಕ್ಕೆ ಬೇರೆ ವೇಗ ಕೊಟ್ಟು ಮಿಡಿತವನ್ನು ಹಿಗ್ಗಿಸುವ ಗುಣವೂ, ಬೆಳಕು ಪ್ರಖರವಾದಷ್ಟೂ ವಕ್ರೀಭವನ ಹೆಚ್ಚಿಸುವ ಗುಣವೂ ಒಂದನ್ನೊಂದು ಸರಿದೂಗಿ ಸಾಲಿಟಾನ್ ಎಂಬ ಗಟ್ಟಿ ಮಿಡಿತ ನಿಲ್ಲುತ್ತದೆ. ಹೀರುಕ ಅದನ್ನು ಶುರುಮಾಡಿ, ಸುತ್ತಲಿನ ಕಸವನ್ನು ಅಳಿಸುತ್ತಿದ್ದರೆ ಸಾಕು. ಹೊಸ ವಸ್ತುವಿಗೆ ಪೂರ್ತಿ ಶ್ರೇಯಸ್ಸು ಕೊಡುವ ಪ್ರಬಂಧಗಳನ್ನು ಸ್ವಲ್ಪ ಸೋಸಿ ಓದಬೇಕೆಂದು ನನಗನ್ನಿಸುವುದು ಇದಕ್ಕೇ.

ತೊಡಕೂ ಇದೆ. ಫೈಬರಿನ ತಿರುಳು ಸುಮಾರು 9 ಮೈಕ್ರೋಮೀಟರ್ ಅಗಲ. ಅಷ್ಟು ಚಿಕ್ಕ ಜಾಗದಲ್ಲಿ ಬೆಳಕೆಲ್ಲ ಬಿದ್ದರೆ ಗ್ರಾಫೀನ್ ಸುಟ್ಟುಹೋಗಬಹುದು. ಅದಕ್ಕೆ ಫೈಬರಿನ ಪಕ್ಕವನ್ನು ಉಜ್ಜಿ ತಿರುಳಿನ ಹತ್ತಿರ ಪದರ ಹಾಸಿ, ಸೋರುವ ಬೆಳಕು ಮಾತ್ರ ತಾಗುವಂತೆ ಮಾಡುವುದುಂಟು. ಕೈಗಾರಿಕೆಯವರು ಮಾತ್ರ ಉರ್ಸುಲಾ ಕೆಲ್ಲರ್ 1992ರಲ್ಲಿ ತೋರಿಸಿಕೊಟ್ಟ ಅರೆವಾಹಕ ಹೀರುಕ ಕನ್ನಡಿಯನ್ನು ಬಿಟ್ಟಿಲ್ಲ. ಆದರೆ ಆ ಕನ್ನಡಿಯನ್ನು ಒಂದೊಂದು ತರಂಗಾಂತರಕ್ಕೂ ಬೇರೆಯಾಗಿ ಬೆಳೆಸಬೇಕು. ಗ್ರಾಫೀನ್ ಮಾತ್ರ 1 ಮೈಕ್ರೋಮೀಟರಿನ ಇಟರ್ಬಿಯಂ ಲೇಸರಿನಲ್ಲೂ 2 ಮೈಕ್ರೋಮೀಟರಿನ ಥೂಲಿಯಂ ಲೇಸರಿನಲ್ಲೂ ಮೋಡ್ ಲಾಕಿಂಗ್ ಮಾಡಿ ತೋರಿಸಿದೆ.