ಹರೆಯದ ಚಿತ್ತವೃತ್ತಿ ಮತ್ತು ತನ್ನರಿವು

ಹರೆಯವೆಂಬುದು ಮನಸ್ಸಿನ ಸಂಧಿಕಾಲ. ಮುಂಜಾನೆ ಲೋಕವನ್ನೇ ಗೆದ್ದಂತೆ ಹಿಗ್ಗುವ ಹುಡುಗನು ಸಂಜೆಗೆ ತಾನು ಯಾತಕ್ಕೂ ಬಾರದವನೆಂದು ಮೂಲೆ ಹಿಡಿಯುತ್ತಾನೆ. ಪರೀಕ್ಷೆಯ ಅಂಕ, ಗೆಳೆಯರ ನಗೆ, ಮೈಬಣ್ಣ, ಮಾತಿನ ಧಾಟಿ, ಇವುಗಳಲ್ಲಿ ಒಂದು ಸಾಕು, ಅವನ ಚಿತ್ತ ಕದಡಲು. ಹಿರಿಯರು ಇದನ್ನು ಮೊಂಡುತನವೆಂದು ಗದರಿಸುವುದುಂಟು. ಹುಡುಗನು ಆ ಹೊತ್ತಿನ ದುಗುಡವನ್ನೇ ತನ್ನ ನಿಜಸ್ವರೂಪವೆಂದು ತಿಳಿಯುವುದುಂಟು. ಎರಡೂ ತಪ್ಪು ತಿಳಿವಳಿಕೆಗಳೇ. ಬಂದುಹೋಗುವ ಭಾವ ಬೇರೆ, ಅದನ್ನು ಕಾಣುವ ‘ತಾನು’ ಬೇರೆ.

ಈ ವಿವೇಕವನ್ನು ಕಥೆಯಾಗಿ ಹೇಳಿದ ಕವಿಯೊಬ್ಬರು ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ಜನಿಸಿದರು. ದೂಧಗಂಗೆಯ ಸೀಮೆಯ ಈ ಊರಿನಲ್ಲಿ ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುತ್ತವೆ. 1946ರಲ್ಲಿ ಇಲ್ಲಿ ಹುಟ್ಟಿದ ವಿದ್ಯಾಧರನೆಂಬ ಬಾಲಕನ ಮನೆಮಾತು ಕನ್ನಡ. ಹರೆಯದಲ್ಲಿಯೇ ಮನೆ ತೊರೆದ ಆತನು 1968ರಲ್ಲಿ ಅಜ್ಮೀರದಲ್ಲಿ ದಿಗಂಬರ ಮುನಿದೀಕ್ಷೆ ಪಡೆದು, 1972ರಲ್ಲಿ ಆಚಾರ್ಯ ವಿದ್ಯಾಸಾಗರರೆನಿಸಿದನು. ಅವರು 2024ರ ಫೆಬ್ರುವರಿಯಲ್ಲಿ ಛತ್ತೀಸಗಡದ ಡೋಂಗರಗಡದಲ್ಲಿ ದೇಹತ್ಯಾಗ ಮಾಡಿದರು. 1988ರಲ್ಲಿ ಪ್ರಕಟವಾದ ಅವರ ಹಿಂದಿ ಮಹಾಕಾವ್ಯ ‘ಮೂಕಮಾಟಿ’ಗೆ ರಾಜನಲ್ಲ, ವೀರನಲ್ಲ, ಮಾತಿಲ್ಲದ ಮಣ್ಣೇ ನಾಯಕಸ್ಥಾನದಲ್ಲಿದೆ.

ನದೀತೀರದ ಆ ಮಣ್ಣು ತಾನು ಎಲ್ಲರ ಕಾಲಡಿಯ ವಸ್ತುವೆಂದು ನೊಂದು, ತಾಯಿಯಾದ ಧರಣಿಯಲ್ಲಿ ಅಳಲು ತೋಡಿಕೊಳ್ಳುತ್ತದೆ. ತಾಯಿಯ ಮಾತಿನಂತೆ ಕುಂಬಾರನಿಗೆ ತನ್ನನ್ನು ಒಪ್ಪಿಸುತ್ತದೆ. ಅವನು ಅಗೆದು, ಸೋಸಿ, ಹರಳುಗಳನ್ನು ಬೇರ್ಪಡಿಸಿ, ನೀರೆರೆದು ತುಳಿದು, ತಿಗರಿಯ ಮೇಲಿಟ್ಟು, ಕೊನೆಗೆ ಆವಿಗೆಯಲ್ಲಿ ಸುಡುತ್ತಾನೆ. ಮಣ್ಣು ಮಂಗಲಕುಂಭವಾಗುತ್ತದೆ. ಹೊನ್ನಿನ ಕಲಶವು ಅದನ್ನು ಕಂಡು ಅಸೂಯೆಪಟ್ಟರೂ ಕುಂಭವು ಹೊನ್ನಾಗಲು ಹಂಬಲಿಸುವುದಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕುಂಬಾರನು ಹರಳನ್ನು ತೆಗೆದನೇ ಹೊರತು ಮಣ್ಣನ್ನು ಹಳಿಯಲಿಲ್ಲ. ತನ್ನನ್ನು ತಾನು ಒಪ್ಪಿಕೊಳ್ಳುವುದೆಂದರೆ ತನ್ನ ದೋಷಗಳನ್ನೆಲ್ಲ ಸರಿಯೆನ್ನುವುದಲ್ಲ. ದೋಷವುಂಟೆಂದು ತನ್ನನ್ನೇ ಬಿಸುಡುವುದೂ ಅಲ್ಲ. ಹರಳು ಯಾವುದು, ಮಣ್ಣು ಯಾವುದು ಎಂಬ ಅರಿವೇ ಅದರ ಮೊದಲ ಮೆಟ್ಟಿಲು.

ಜೈನ ದರ್ಶನದ ದಾರಿ ಬೇರೆ, ಶರಣರ ದಾರಿ ಬೇರೆ. ಆದರೂ ಈ ಒಂದು ಅರಿವಿನಲ್ಲಿ ಅವೆರಡೂ ಸಮೀಪಿಸುತ್ತವೆ. ಶರಣರು ಲೋಕವು ಕೀಳೆಂದ ಕಾಯಕವನ್ನು ಮರೆಮಾಚದೆ ಹೆಸರಿನ ಮೊದಲಿಗೇ ಇಟ್ಟುಕೊಂಡರು: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಕುಂಬಾರ ಗುಂಡಯ್ಯ. ಅಂಬಿಗರ ಚೌಡಯ್ಯನಂತೂ ವಚನಾಂಕಿತವಾಗಿ ಕಾಯಕಸಹಿತವಾದ ತನ್ನ ಹೆಸರನ್ನೇ ಬಳಸಿದನು. ನಾಚಿಕೆಗೆ ಕಾರಣವೆಂದು ಲೋಕವು ಬಗೆದುದು ಅವರಿಗೆ ಗುರುತಿನ ಗೌರವವಾಯಿತು.

ಚಿತ್ತಚಾಂಚಲ್ಯವನ್ನೂ ಅವರು ಬಚ್ಚಿಡಲಿಲ್ಲ. ಬಸವಣ್ಣನವರು ತಮ್ಮ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿಗೆ ಹೋಲಿಸಿದ್ದಾರೆ. ಅವರ ವಚನಗಳಲ್ಲಿ ಆತ್ಮನಿಂದೆಯೂ ಇದೆ, ಧೈರ್ಯವೂ ಇದೆ, ಹರ್ಷವೂ ಇದೆ. ಕದಡಿದ ಮನವನ್ನು ಕಂಡು ಅದನ್ನು ಬಾಯಿಬಿಟ್ಟು ನುಡಿದುದೇ ಅವರ ಸಾಧನೆಯ ಅಂಗವಾಯಿತು. ಷಟ್‌ಸ್ಥಲವೂ ಒಂದೇ ನೆಗೆತವಲ್ಲ, ಭಕ್ತಸ್ಥಲದಿಂದ ಐಕ್ಯದವರೆಗಿನ ಕ್ರಮವಾದ ನಡೆ.

ಇಂದಿನ ಶಾಸ್ತ್ರವೂ ಇದಕ್ಕೆ ಪೂರಕವಾಗಿದೆ. ಆವೇಗವನ್ನು ತಡೆದು ವಿವೇಚಿಸುವ ಮಿದುಳಿನ ಮುಂಭಾಗವು ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಹಸಿಮಣ್ಣನ್ನು ನೋಡಿ ಗಡಿಗೆ ಸೋರುವುದೆಂದು ತೀರ್ಪು ಕೊಡುವುದು ಹೇಗೆ ಸಲ್ಲದೋ, ಹದಿನಾರರ ಹುಡುಗನಿಗೆ ‘ನೀನು ಇಷ್ಟೇ’ ಎನ್ನುವುದೂ ಹಾಗೆಯೇ ಸಲ್ಲದು.

ಆದರೆ ದುಗುಡವು ಎರಡು ವಾರ ಮೀರಿಯೂ ನಿಂತು, ಊಟ ನಿದ್ರೆಗಳು ಕೆಟ್ಟರೆ, ಅಥವಾ ಬದುಕೇ ಬೇಡವೆಂಬ ಮಾತು ಒಮ್ಮೆಯಾದರೂ ಬಂದರೆ, ಉಪದೇಶವೊಂದೇ ಸಾಲದು. ತಡಮಾಡದೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’ ಸೇವೆಯು 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ. ಮೂಕಮಣ್ಣಿಗೂ ಅಳಲು ಕೇಳುವ ತಾಯಿಯೊಬ್ಬಳಿದ್ದಳು. ಮನೆಯ ಮಗುವಿಗೆ ಅಂಥ ಒಂದು ಕಿವಿಯಾಗುವುದು ಹಿರಿಯರ ಮೊದಲ ಕರ್ತವ್ಯ. ತಿದ್ದುವ ಕೆಲಸ ಆಮೇಲಿನದು.